ತೆಕ್ಕೋಮಾರುವಿನ ಅಚ್ಚು

ನಮ್ಮ ಕಂಪನಿಯ ಮೊದಲ ಗೊಂಬೆ, ವೀರ ತೆಕ್ಕೋಮಾರುವಿಗೆ ಮೂವತ್ತೈದು ವರ್ಷ ತುಂಬಿತ್ತು. ಅವನನ್ನು ಮತ್ತೆ ಮಾರುಕಟ್ಟೆಗೆ ತರಲು ಹಳೆಯ ಅಚ್ಚು ಬೇಕೆಂದು ಟೋಕಿಯೊದ ಕತ್ಸುಶಿಕಾದಲ್ಲಿರುವ ಸುಗೆನೊ ಮುದುಕರ ಕಾರ್ಖಾನೆಗೆ ಹೋದೆ. ಅವರು ತೆರೆದು ತೋರಿಸಿದ ಉಕ್ಕಿನ ಅಚ್ಚಿನ ಗುಳಿಯಲ್ಲಿ ಡೊಳ್ಳುಹೊಟ್ಟೆಯ ರಾಕ್ಷಸನ ಆಕಾರವಿತ್ತು!

"ಯಜಮಾನ್ರೇ, ನಮ್ಮ ವೀರ ಎಲ್ಲಿ?"

"ಇವನೇ. ಮೊದಲು ವೀರನ ತಮ್ಮನ್ನ ಮಾಡಿ ಅಂದ್ರಿ, ಆಮೇಲೆ ರೋಬೋಟು, ಕೊನೆಗೆ ರಾಕ್ಷಸ. ಪ್ರತಿ ಸಲ ಇದೇ ಅಚ್ಚನ್ನ ಕೊರೆದೆ. ಕೊರೆದಷ್ಟೂ ಗೊಂಬೆ ದಪ್ಪ ಆಗತ್ತೆ. ಕೊರೆದ ಉಕ್ಕು ವಾಪಸ್ ಬರಲ್ಲ."

"ಮೂಲ ಅಚ್ಚಿಗೇ ಕೈಹಾಕಿ ಅಂದ ಕತ್ತೆ ಯಾರ್ರೀ?"

ಮುದುಕರು 'ತಮ್ಮ'ನಿಗಾಗಿ ನಮ್ಮ ಕಂಪನಿಯಿಂದ ಬಂದಿದ್ದ ಹಳೆಯ ಆದೇಶಪತ್ರ ತಂದಿಟ್ಟರು. ಸಹಿಯ ಬದಲು ಒತ್ತಿದ, ಮೇಲಧಿಕಾರಿಗಳ ಹೆಸರಿನ ಕೆಂಪು ಮುದ್ರೆಗಳು ಸಾಲಾಗಿ ನೆಟ್ಟಗಿದ್ದವು. ಕೊನೆಯದು ಮಾತ್ರ ಅವುಗಳಿಗೆ ತಲೆಬಾಗಿದಂತೆ ವಾಲಿತ್ತು. ನಮ್ಮಲ್ಲಿ ಆಗ ಕೆಲಸಕ್ಕೆ ಹೊಸದಾಗಿ ಸೇರಿದವರು ಹಾಗೇ ಒತ್ತಬೇಕಿತ್ತು. ಓದಿ ಒತ್ತಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ಎಷ್ಟು ವಿನಯದ ಕತ್ತೆ ನೋಡಿ," ಎಂದರು ಮುದುಕರು.

ವಾಲಿದ ಆ ಮುದ್ರೆಯಲ್ಲಿದ್ದದ್ದು ನನ್ನ ಹೆಸರು.