ಚಿಲಕ ಹಾಕಿದ ಅಕ್ಕನ ಪುಸ್ತಕ

ನಾನು ಇಪ್ಪತ್ತನಾಲ್ಕು ಪುಟಗಳ ಒಂದು ಚಿತ್ರಪುಸ್ತಕ. ಹುಟ್ಟಿದ್ದು ಗದಗಿನ ಒಂದು ಮುದ್ರಣಾಲಯದಲ್ಲಿ. ನನ್ನನ್ನು ಬರೆದು ಚಿತ್ರ ಬಿಡಿಸಿದವರು ಇಂದುಮತಿ ಬಳಿಗಾರ. ಕಾಲು ಎಳೆದು ನಡೆಯುವ ಹುಡುಗ, ಮಾತು ಬಾರದ ಹುಡುಗಿ, ಬೇರೆ ದೇವರಿಗೆ ಕೈಮುಗಿಯುವ ನೆರೆಮನೆಯವರು, ಎಲ್ಲರೂ ನಮ್ಮವರೇ ಎಂದು ಅವರ ಪುಸ್ತಕಗಳು ಮಕ್ಕಳಿಗೆ ಹೇಳುತ್ತಿದ್ದವು.

ನನ್ನೊಳಗಿರುವುದು ತೊನ್ನು ಇದ್ದ ಹುಡುಗಿಯ ಕಥೆ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಮನೆಯವರು ಅವಳನ್ನು ಬಚ್ಚಿಡಲು ಹೋಗುತ್ತಾರೆ. ಅಕ್ಕ ಅವಳ ಕೈಹಿಡಿದು ಹೊರಗೆ ಕರೆತಂದು, "ಇವಳು ನನ್ನ ತಂಗಿ" ಎನ್ನುತ್ತಾಳೆ.

ಅಚ್ಚಾದ ವಾರವೇ ಇಂದುಮತಿ ನನ್ನನ್ನು ಚೀಲದಲ್ಲಿಟ್ಟುಕೊಂಡು ರೋಣದ ಬಸ್ಸು ಹತ್ತಿದರು. ಅಲ್ಲಿ ಅವರ ತಂಗಿ ಕಮಲಾಕ್ಷಿ ಬಟ್ಟೆ ಹೊಲಿದುಕೊಂಡು ಒಬ್ಬರೇ ಇದ್ದರು. ನನ್ನನ್ನು ಹಿಡಿದ ಅವರ ಬೆರಳುಗಳ ಮೇಲೆ ಬಿಳಿ ಮಚ್ಚೆಗಳಿದ್ದವು. ಕಮಲಾಕ್ಷಿ ಕೊನೆಯವರೆಗೂ ಓದಿದರು.

"ಚಂದ ಬರದೀಯಕ್ಕ. ಆದ್ರ ಅವತ್ತು ನಿನ್ನ ನೋಡಾಕ ಬಂದಾಗ ನನ್ನ ಒಳಗಿಟ್ಟು ಖೋಲಿ ಚಿಲಕ ಹಾಕಿದಾಕಿ ನೀನ ಅಲ್ಲೇನು?"

"ಹೂಂ, ನಾನ. ನಲವತ್ತು ವರ್ಷ ಆತು ಕಮಲಾ, ಅದು ಕಣ್ಣ ಮುಂದಿಂದ ಹೋಗವಲ್ದು."

"ಒಳಗ ಕುಂತಾಕಿಗೆ ಹೋದೀತೇನು? ಪುಸ್ತಕ ಇಟ್ಟು ಹೋಗು. ಮತ್ತ ಬರಬ್ಯಾಡ."

ಇಂದುಮತಿ ಮತ್ತೆ ಬರಲಿಲ್ಲ. ನಾನು ಹೊಲಿಗೆ ಯಂತ್ರದ ಪಕ್ಕದಲ್ಲೇ ಉಳಿದೆ.

ಮೂರು ವರ್ಷದ ನಂತರ ಮೌಲಾಬಿ ಎಂಬಾಕೆ ದೊಡ್ಡ ಮಗಳು ಹಸೀನಾಳಿಗೆ ಬಟ್ಟೆ ಹೊಲಿಸಲು ಬಂದರು. ಗಂಡಿನ ಕಡೆಯವರು ನೋಡಲು ಬರುವವರಿದ್ದರು. ಹೆಣ್ಣುಮಕ್ಕಳಿಬ್ಬರೂ ಜೊತೆಗೆ ಬಂದಿದ್ದರು. ಕಿರಿಯವಳ ತುಟಿಯ ಮೇಲೆ ಬಿಳಿ ಮಚ್ಚೆ ಇತ್ತು.

"ಇಕಿನ್ನ ಆವತ್ತೊಂದಿನ ಅವರತ್ತಿ ಮನಿಗೆ ಕಳಸ್ತೀನ್ರಿ" ಎಂದರು ಮೌಲಾಬಿ.

ಕಮಲಾಕ್ಷಿ ಯಂತ್ರ ನಿಲ್ಲಿಸಿ, ನನ್ನನ್ನು ಹಸೀನಾಳ ಕೈಗಿಟ್ಟರು. "ಓದವ್ವ. ನಮ್ಮನ್ಯಾಗ ಇದು ಹಿಂಗ ನಡೀಲಿಲ್ಲ" ಎಂದಷ್ಟೇ ಹೇಳಿದರು.

ಗಂಡಿನ ಕಡೆಯವರು ಬಂದ ದಿನ ಹಸೀನಾ ತಂಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಬಂದವರು ಚಹಾ ಮುಟ್ಟದೆ ಎದ್ದುಹೋದರು. ತಾಯಿ ಬೈದು ಬೈದು ಅತ್ತರು. ಹಸೀನಾ ಅಳಲಿಲ್ಲ. ನನ್ನನ್ನು ಹಿಂದಿರುಗಿಸಲು ಬಂದು, ನಡೆದದ್ದನ್ನೆಲ್ಲ ಹೇಳಿದಳು.

ಮರುದಿನ ಬೆಳಿಗ್ಗೆ ಕಮಲಾಕ್ಷಿ ನನ್ನನ್ನು ಹಿಡಿದು ಗದಗಿಗೆ ಹೊರಟರು. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಬಾಗಿಲು ತೆರೆದದ್ದು ಇಂದುಮತಿಯ ಸೊಸೆ. ಒಳಗಿನ ಗೋಡೆಯ ಮೇಲಿದ್ದ ಇಂದುಮತಿಯ ಫೋಟೋಗೆ ಹಾರ ಹಾಕಿತ್ತು.

"ಅತ್ತಿ ಹೋಗಿ ಹನ್ನೊಂದು ದಿನಾ ಆತ್ರಿ. ನೀವ್ಯಾರು?"

"ಆಕಿ ತಂಗಿ."

"ನಮ್ಮತ್ತಿಗೊಬ್ರು ತಂಗಿ ಇದ್ದಾರಂತ ಒಂದಿನಾನೂ ಹೇಳಿಲ್ರಿ."

"ಹೇಳಾಕ ಬಾಯಿ ಬಂದಿರಲಿಕ್ಕಿಲ್ಲ ಬಿಡವ್ವ."

ಕಮಲಾಕ್ಷಿ ನನ್ನನ್ನು ಫೋಟೋದ ಕೆಳಗಿಟ್ಟರು. "ನಿನ್ನ ಕಥಿ ಒಬ್ಬಾಕಿ ಖರೆ ಮಾಡಿದ್ಲು, ಅಕ್ಕಾ. ಹೇಳಾಕ ಬಂದಿದ್ದೆ" ಎಂದರು. ನೀರನ್ನೂ ಕುಡಿಯದೆ ಬಸ್ ನಿಲ್ದಾಣದ ಕಡೆ ನಡೆದರು.

ಈಗ ನಾನು ಆ ಮನೆಯ ಗಾಜಿನ ಕಪಾಟಿನಲ್ಲಿ, ಪ್ರಶಸ್ತಿ ಫಲಕಗಳ ನಡುವೆ ಇದ್ದೇನೆ. ಹೊಲಿಗೆ ಸಡಿಲವಾಗಿದೆ, ಅಂಚು ಹಳದಿಯಾಗಿದೆ. ಬಂದವರು ದೊಡ್ಡ ಲೇಖಕಿ ಎಂದು ಹೊಗಳಿ ಹೋಗುತ್ತಾರೆ. ಇಂದುಮತಿ ನನ್ನನ್ನು ಬರೆದದ್ದು ಊರಿನ ಮಕ್ಕಳಿಗೆಲ್ಲ ಎಂದುಕೊಂಡಿದ್ದೆ. ತಂಗಿ ಒಬ್ಬಳಿಗಾಗಿ ಬರೆದಿದ್ದರು. ಅವಳು ಕ್ಷಮಿಸಿದಳು. ಅದು ಅವರಿಗೆ ತಿಳಿಯಲೇ ಇಲ್ಲ.