ಗಂಡಸರಿಗಷ್ಟೇ ಹೇಳಿದ ಮಾತು

ಚಡಚಣದ ಸುತ್ತ ದ್ರಾಕ್ಷಿ ಬಳ್ಳಿಗಳ ಕಡ್ಡಿ ಕತ್ತರಿಸುವ ಚಾಟ್ನಿ ಮುಗಿಯಿತೆಂದರೆ ಹನಮವ್ವನ ಕೂಲಿ ಟೋಳಿಗೆ ಪುರಸೊತ್ತಿರುವುದಿಲ್ಲ. ಕತ್ತರಿಸಿದ ಕಡ್ಡಿಗಳ ಕಣ್ಣುಗಳಿಗೆ ಹೈಡ್ರೋಜನ್ ಸಯನಮೈಡ್ ಎಂಬ ಔಷಧವನ್ನು ಸ್ಪಂಜಿನಿಂದ ಹಚ್ಚಬೇಕು. ಹಚ್ಚಿದರೆ ಮಲಗಿದ ಕಣ್ಣುಗಳೆಲ್ಲ ಒಮ್ಮೆಲೇ ಎದ್ದು ಚಿಗುರುತ್ತವೆ. ಬಿಟ್ಟರೆ ಒಂದು ಈ ವಾರ, ಇನ್ನೊಂದು ಮುಂದಿನ ವಾರ. ನೋಡಲು ನೀರಿನಂತಿದ್ದರೂ ಅದು ಚರ್ಮ ಸುಡುತ್ತದೆ. ಚರ್ಮದಿಂದ ಒಳಗಿಳಿದರಂತೂ ಮೈ ಸೆರೆ-ಹೆಂಡವನ್ನು ಸಹಿಸುವುದಿಲ್ಲ. ಹಚ್ಚುವ ಹಿಂದಿನ ದಿನದಿಂದ ಮುಂದಿನ ಒಂದು ವಾರದವರೆಗೆ ಕುಡಿಯುವಂತಿಲ್ಲ.

ಅದಕ್ಕೇ ಹನಮವ್ವ ಸ್ಪಂಜು ಹಂಚುವ ಮುನ್ನ ಗಂಡಸರನ್ನು ಸಾಲಾಗಿ ನಿಲ್ಲಿಸಿ ಬಾಯಿ ಮೂಸುತ್ತಿದ್ದಳು.

"ನನ್ನ ಹೇಣ್ತಿನೂ ಇಷ್ಟ ಹತ್ರ ಬರಂಗಿಲ್ಲ, ಎವ್ವಾ," ಅಂದ ಧರ್ಮರಾಜ.

"ಆಕಿಗೆ ಶಾಣ್ಯಾತನ ಐತಿ."

ಹೆಂಗಸರಿಗೆ ಕೈಗವಸು ಕೊಟ್ಟು ಕಳಿಸಿಬಿಡುತ್ತಿದ್ದಳು. ಅವರನ್ನೇನು ಮೂಸುವುದು?

ಸೊಸೆ ಯಶೋಧಾಗೆ ಆ ರಬ್ಬರ್ ಗವಸಿನಲ್ಲಿ ಕಡ್ಡಿಯ ಕಣ್ಣು ಬೆರಳಿಗೆ ಸಿಗುತ್ತಿರಲಿಲ್ಲ. ಯಾರಿಗೂ ಹೇಳದೆ ಗವಸಿನ ಬೆರಳ ತುದಿಗಳನ್ನು ಕತ್ತರಿಸಿ ದಿನವಿಡೀ ಹಚ್ಚಿದಳು. ಸಂಜೆ ಮನೆಗೆ ಬಂದಾಗ ಅತ್ತೆ ಎಂದಿನಂತೆ ಎರಡು ಮುಚ್ಚಳ ದ್ರಾಕ್ಷಾರಿಷ್ಟ ಕುಡಿಸಿದಳು. ಜ್ವರ ಬಂದುಹೋದ ಮೇಲೆ ಹುಡುಗಿ ನಿತ್ರಾಣವಾಗಿದ್ದಳು; ಟಾನಿಕ್ಕು ಹನಮವ್ವನೇ ತಂದದ್ದು.

ರೊಟ್ಟಿ ಬಡಿಯುತ್ತಿದ್ದ ಯಶೋಧಾ ಇದ್ದಕ್ಕಿದ್ದಂತೆ ಗೋಡೆಗೆ ಒರಗಿದಳು. ಮುಖ, ಕುತ್ತಿಗೆ ಕೆಂಪು ಮೆಣಸಿನಕಾಯಿ. ಎದೆ ಡವಡವ, ಉಸಿರು ಮೇಲೆ ಮೇಲೆ. ತೋಟದಲ್ಲಿ ಕುಡಿದು ಬಿದ್ದ ಗಂಡಸರ ಮುಖ ಹೀಗೇ ಆಗಿದ್ದನ್ನು ಹನಮವ್ವ ನೋಡಿದ್ದಳು. ಬಗ್ಗಿ ಮೂಸಿದಳು. ಅದೇ ವಾಸನೆ. ಸಿಟ್ಟು ನೆತ್ತಿಗೇರಿತು.

ಪಕ್ಕದ ಮನೆಯ ಇಂದುಬಾಯಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳೂ ಟೋಳಿಯವಳೇ. "ನಿನ್ನ ಮೂಗು ಮನ್ಯಾಗ ಕೆಲಸಾ ಮಾಡಂಗಿಲ್ಲೇನ?" ಎಂದಳು, ಓಣಿಗೆಲ್ಲ ಕೇಳುವಂತೆ.

"ಅತ್ತಿ, ನಾ ಕುಡದಿಲ್ರಿ," ಅಂದಳು ಯಶೋಧಾ. ಅಷ್ಟಕ್ಕೇ ಏದುಸಿರು.

ಸೊಸೆ ಕುಡಿದದ್ದೇ ಖರೆ, ಮುಗಿದ ಮಾತೆಂದು ಹನಮವ್ವನಿಗೆ ಅನಿಸಿತ್ತು. ಆದರೆ ಆ ಹುಡುಗಿ ಸುಳ್ಳು ಹೇಳಿದ್ದನ್ನು ಅವಳು ಕಂಡಿರಲಿಲ್ಲ. ಹಾಗಾದರೆ ವಾಸನೆ ಎಲ್ಲಿಂದ? ಗೂಡಿನಲ್ಲಿದ್ದ ಟಾನಿಕ್ಕಿನ ಬಾಟಲಿ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಬೆಲ್ಲ, ದ್ರಾಕ್ಷಿ ಕೊಳೆಹಾಕಿದ ಹುಳಿ. ಸೊಸೆಯ ಬಾಯಿಯ ವಾಸನೆ ಇದೇ.

ಧರ್ಮರಾಜನ ಟಂಟಂ ಆಟೋಗೆ ಸೊಸೆಯನ್ನು ಹತ್ತಿಸುವಾಗ ಓಣಿಯ ಜನ ಸೇರಿದ್ದರು. ಹನಮವ್ವ ಅವರ ಕಡೆ ತಿರುಗಿದಳು.

"ಆಕಿ ಕುಡದಿಲ್ಲ. ನಾ ಕುಡಿಸೀನಿ."

ದವಾಖಾನೆಯಲ್ಲಿ ಟಾನಿಕ್ಕಿನ ಬಾಟಲಿಯನ್ನೂ ತೋಟದ ಔಷಧದ ಡಬ್ಬಿಯ ಚೀಟಿಯನ್ನೂ ಡಾಕ್ಟರ ಮುಂದಿಟ್ಟಳು. ಅವರು ಹುಡುಗಿಯ ಕೈಗಳನ್ನು ಮತ್ತೆ ಸಾಬೂನು ಹಚ್ಚಿ ತೊಳೆಸಿ, ಸಲೈನ್, ಆಕ್ಸಿಜನ್ ಕೊಟ್ಟು ಬೆಳಗಿನವರೆಗೆ ನೋಡಿಕೊಂಡರು. ಅರಿಷ್ಟಗಳಲ್ಲೂ ಕೆಲವು ಕೆಮ್ಮಿನ ಔಷಧಗಳಲ್ಲೂ ಮದ್ಯದ ಅಂಶವಿರುತ್ತದೆ ಎಂದರು. ಬೆಳಕು ಹರಿಯುವಾಗ ಯಶೋಧಾ ಚಹಾ ಕೇಳಿದಳು, ಗವಸಿನ ತುದಿ ಕತ್ತರಿಸಿದ್ದನ್ನೂ ಹೇಳಿದಳು.

ಮುಂದಿನ ತೋಟದಲ್ಲಿ ಹನಮವ್ವ ಹೆಂಗಸರನ್ನೂ ಸಾಲಿನಲ್ಲಿ ನಿಲ್ಲಿಸಿದಳು. ಮೊದಲು ಕೈಗವಸುಗಳ ತುದಿ ಹಿಡಿದು ನೋಡಿದಳು. ಆಮೇಲೆ ಏನಾದರೂ ಟಾನಿಕ್ಕು, ಔಷಧ ಕುಡಿಯುತ್ತೀರಾ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಇಂದುಬಾಯಿ ಮೂಗು ಮುರಿದಳು. ತಮ್ಮ ಮನೆತನದಲ್ಲಿ ಸೆರೆ ಮುಟ್ಟಿದವರೇ ಇಲ್ಲವಂತೆ.

"ನಾ ಸೆರಿ ಬಗ್ಗೆ ಕೇಳಿಲ್ಲ. ಮೊಣಕಾಲ ನೋವಿಗೆ ಏನರ ಅರಿಷ್ಟ ತಗೊಳ್ಳಾಕತ್ತೀಯೇನ?"

ಇಂದುಬಾಯಿ ಎತ್ತಿಕೊಂಡಿದ್ದ ಸ್ಪಂಜನ್ನು ಮರಳಿ ಬುಟ್ಟಿಗೆ ಹಾಕಿದಳು.

ಹನಮವ್ವ ಕಡ್ಡಿ ಆರಿಸಿ ಬದುವಿಗೆ ಹಾಕುವ ಕೆಲಸಕ್ಕೆ ಅವಳನ್ನು ಕಳಿಸಿ, ಮುಂದಿನವಳ ಕಡೆ ನಡೆದಳು.