ಉಸಿರಿನ ಸರದಿ

"ಏಯ್ ಮುದ್ಕಿ, ತೂಕಡಿಸ್ತೀಯಾ? ಒತ್ತೇ! ಹೆತ್ತ ಮಗನ್ನ ನೀನೇ ಸಾಯಿಸ್ತೀಯೇನೇ ಲೌಡಿ?"

ವಾರ್ಡ್‌ಬಾಯ್ ಬೈದದ್ದಕ್ಕೆ ಅಕ್ಕಯಮ್ಮ ತಲೆಯೆತ್ತಲಿಲ್ಲ. ಅವಳು ತೂಕಡಿಸಿರಲಿಲ್ಲ, ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಳು. "ತಾಯಿ ಮುತ್ಯಾಲಮ್ಮಾ" ಎಂದು ಒಮ್ಮೆ ಅಂದರೆ ರಬ್ಬರಿನ ಚೀಲವನ್ನು ಒಮ್ಮೆ ಒತ್ತಬೇಕು, ಬಿಡಬೇಕು. ಆಗ ಗಂಟಲು ಕೊಯ್ದು ಇಟ್ಟ ಕೊಳವೆಯಲ್ಲಿ ಗಾಳಿ ಹೋಗಿ ಮಗ ಬೈರಪ್ಪನ ಎದೆ ಏಳುತ್ತಿತ್ತು. ಮೊನ್ನೆಯಿಂದ ಅವಳೂ ಸೊಸೆಯೂ ಕೈ ಬದಲಿಸಿಕೊಂಡು ಅವನನ್ನು ಹೀಗೇ ಉಳಿಸಿಕೊಂಡಿದ್ದರು.

ದೇವನಹಳ್ಳಿ ಕಡೆಯ ಗೋಪಾಲಪ್ಪನ ದ್ರಾಕ್ಷಿ ತೋಟಕ್ಕೆ ಹುಳದ ಔಷಧಿ ಹೊಡೆಯುತ್ತಾ ಬೈರಪ್ಪ ಬಿದ್ದಿದ್ದ. ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ಕೇಳಿದರೆ ಗೋಪಾಲಪ್ಪ, "ಹೊಲಗೇರೀಲಿ ಹುಟ್ದೋನ್ಗೆ ನಾತ ಹೊಸದೇನ್ಲಾ?" ಎಂದು ನಕ್ಕಿದ್ದ. ಬಿದ್ದವನಿಗೆ ಜೀಪು ಕೊಡಲಿಲ್ಲ. ತರಕಾರಿ ಲಾರಿಗೆ ಎತ್ತಿ ಹಾಕುವಾಗ ದೂರ ನಿಂತಿದ್ದ, ಒಂದು ಬೆರಳೂ ತಾಕಿಸಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಹೊಸದಾಗಿ ಬಂದ ಉಸಿರಾಟದ ಮಿಷಿನ್ನು ಪಕ್ಕದಲ್ಲೇ ಬಿಳಿ ಬಟ್ಟೆ ಹೊದ್ದು ಖಾಲಿ ನಿಂತಿತ್ತು. ಮೊನ್ನೆ ಬಂದ ಕೂಡಲೇ ಅಕ್ಕಯಮ್ಮ ಡಾಕ್ಟರ ಕಾಲು ಹಿಡಿದಿದ್ದಳು.

"ಏಳಮ್ಮ. ಒಂದಿನ ಬಂದೋರಿಗೆ ಮಿಷಿನ್ನು, ಮಾರನೇ ದಿನ ಬಂದೋರಿಗೆ ಕೈಲಿ ಒತ್ತೋ ಚೀಲ. ಯಾವುದ್ರಲ್ಲಿ ಹೆಚ್ಚು ಜನ ಬದುಕ್ತಾರೆ ಅಂತ ಬರೀತಿದೀನಿ. ನೀವು ಬಂದಿದ್ದು ಚೀಲದ ದಿನ. ಇದ್ರಲ್ಲಿ ಬಡವ ಬಲ್ಲಿದ ಅಂತಿಲ್ಲ."

ಅವಳಿಗೆ ಅರ್ಥವಾಯಿತು. ಕೆರೆ ನೀರಿನ ಸರದಿಯ ಹಾಗೆ. ತನ್ನದಲ್ಲದ ದಿನ ತೂಬು ಎತ್ತುವುದು ಪಾಪ. ದೇವರು ಹಾಕಿದ ಸರದಿ ಎಂದುಕೊಂಡು ಡಾಕ್ಟರ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದಳು.

ಇಂದು ಮಧ್ಯಾಹ್ನ ಜೀಪು ಬಂತು, ಗೋಪಾಲಪ್ಪನೇ ಇಳಿದ. ಅವನ ತಂಗಿಯ ಮಗನಿಗೆ ನಾಗರಹಾವು ಕಚ್ಚಿತ್ತು. ಡಾಕ್ಟರು ಬಿಳಿ ಬಟ್ಟೆ ಎಳೆದರು. ಮಿಷಿನ್ನು ಬುಸ್ಸೆಂದು ಶುರುವಾಯಿತು.

ಮೊನ್ನೆ ಚೀಲದ ದಿನ. ನಿನ್ನೆ ಮಿಷಿನ್ನಿನ ದಿನ, ಯಾರೂ ಬರಲಿಲ್ಲ. ಇಂದು ಮತ್ತೆ ಚೀಲದ್ದೇ.

"ಸಾಮಿ, ಇವತ್ತು ಚೀಲದ ಸರದಿ ಅಲ್ವರಾ?"

"ಇವ್ರನ್ನ ಪುಸ್ತಕಕ್ಕೆ ಸೇರಿಸಲ್ಲಮ್ಮ. ನೀನು ಒತ್ತು."

"ಪುಸ್ತಕಕ್ಕೆ ನಾವು, ಮಿಷಿನ್ಗೆ ಅವ್ರಾ? ಸರದಿ ಮುರಿಯಂಗಿದ್ರೆ ಮೊನ್ನೇನೇ ಮುರೀಬೌದಿತ್ತಲ್ಲಾ ಸಾಮಿ!"

ಡಾಕ್ಟರು ಪುಸ್ತಕ ಮುಚ್ಚಿ ಮಿಷಿನ್ನಿನ ಕಡೆ ತಿರುಗಿದರು. ಗೋಪಾಲಪ್ಪ ಹತ್ತಿರ ಬಂದ. "ಹುಡ್ಗ ಸಾಯೋಕ್ ಬಿದ್ದವ್ನೆ, ಇವ್ಳದೊಂದು ಸರದಿ! ಒತ್ತೇ ಸುಮ್ಕೆ."

ಅಕ್ಕಯಮ್ಮ ಒಂದು ಕೈಯಲ್ಲಿ ಚೀಲ ಒತ್ತುತ್ತಲೇ ಇನ್ನೊಂದು ಕೈ ಚಾಚಿ ಅವನ ಮುಂಗೈ ಹಿಡಿದಳು. ಹುಟ್ಟಿದಾರಭ್ಯ ಮುಟ್ಟದ ಕೈ. ಎಳೆದು ಚೀಲದ ಮೇಲಿಟ್ಟು, ಅವನ ಬೆರಳುಗಳ ಮೇಲೆ ತನ್ನ ಬೆರಳು ಬಿಗಿದಳು.

"ಬಿಡೇ! ಮುಟ್ಬುಟ್ಯಲ್ಲೇ ಸೂಳೆಮುಂಡೆ!"

"ಒತ್ತೋ." ಐವತ್ತು ವರ್ಷ 'ಬುದ್ದೀ' ಎಂದಿದ್ದ ಬಾಯಿ ಅದು. "ಕೈ ಕಿತ್ಕೊಂಡ್ರೆ ಇವ್ನು ಸಾಯ್ತಾನೆ. ಎಲ್ರೂ ನೋಡ್ತಾವ್ರೆ."

ವಾರ್ಡಿನ ಜನ ಎದ್ದು ನಿಂತಿದ್ದರು. ವಾರ್ಡ್‌ಬಾಯ್ ಕೂಡ ಅಲುಗಲಿಲ್ಲ.

"ಇದ್ನೂ ಬರ್ಕೊಳಿ ಸಾಮಿ," ಎಂದಳು, ಡಾಕ್ಟರ ಕಡೆ ತಿರುಗದೆ.

"ತಾಯಿ ಮುತ್ಯಾಲಮ್ಮಾ."

ಬೈರಪ್ಪನ ಎದೆ ಎದ್ದಿತು. ಅವಳ ಅಂಗೈ ಕೆಳಗೆ ಗೋಪಾಲಪ್ಪನ ಬೆರಳು ಚೀಲದ ಮೇಲೇ ಇದ್ದವು.

"ತಾಯಿ ಮುತ್ಯಾಲಮ್ಮಾ. ಊಂ, ಒತ್ತು."